ಹಳದಿ ನೀರು, ಹದಿನೈದು ದಿನ: ಪ್ಲೇಟಿಂಗ್ ಘಟಕವೊಂದಕ್ಕೆ ಬಂದ ನೋಟಿಸಿನ ಪ್ರಕರಣ

ಬೆಂಗಳೂರಿನ ಹಳೆಯ ಕೈಗಾರಿಕಾ ಪ್ರದೇಶವೊಂದರಲ್ಲಿ ಝಿಂಕ್ ಪ್ಲೇಟಿಂಗ್ ಮಾಡುವ ಸಣ್ಣ ಘಟಕಕ್ಕೆ 2024ರ ಜನವರಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬಂತು. ಘಟಕವನ್ನು ಏಕೆ ಮುಚ್ಚಬಾರದು, ಕರೆಂಟು ಏಕೆ ಕಡಿತ ಮಾಡಬಾರದು ಎಂದು ಕೇಳಿದ್ದ ಕಾಗದ. ಘಟಕ ಮುಚ್ಚಲಿಲ್ಲ, ಈಗಲೂ ನಡೆಯುತ್ತಿದೆ. ಆದರೆ ಯಾವುದು ಉಳಿಸುತ್ತದೆ ಎಂದು ಎಲ್ಲರೂ ನಂಬಿದ್ದರೋ ಅದು ಉಳಿಸಲಿಲ್ಲ. ಸಣ್ಣ ಘಟಕಗಳಿಗೆ ಇಂಥ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ಆರಂಭದಿಂದ ಹತ್ತಿರದಲ್ಲಿ ಕಂಡಿದ್ದೇನೆ. ಹೆಸರು, ರಸ್ತೆ, ಗಿರಾಕಿಗಳ ಗುರುತು ಬಿಟ್ಟಿದ್ದೇನೆ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಘಟಕ ಮತ್ತು ಅದರ ನೀರು

ಮಾಲೀಕರು ಎರಡನೇ ತಲೆಮಾರಿನವರು. ತಂದೆ ಶುರು ಮಾಡಿದ ಶೆಡ್ಡು, ಇಪ್ಪತ್ತು ಚಿಲ್ಲರೆ ಕೆಲಸಗಾರರು, ಪೂರ್ತಿ ಜಾಬ್ ವರ್ಕ್. ವಾಹನ ಬಿಡಿಭಾಗ ಮಾಡುವವರು, ಪಂಪ್‌ಸೆಟ್ ತಯಾರಕರು ನಟ್ಟು, ಬೋಲ್ಟು, ಬ್ರ್ಯಾಕೆಟ್ಟು ಕಳಿಸುತ್ತಾರೆ. ಇವರು ಝಿಂಕ್ ಹತ್ತಿಸಿ ಕೆಜಿ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. ಮಾಲು ಮೊದಲು ಎಣ್ಣೆ ತೆಗೆಯುವ ತೊಟ್ಟಿಗೆ, ಆಮೇಲೆ ತುಕ್ಕು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲದ ಪಿಕ್ಲಿಂಗ್ ತೊಟ್ಟಿಗೆ, ಅಲ್ಲಿಂದ ಝಿಂಕ್ ಬಾತ್‌ಗೆ, ಅಂದರೆ ಝಿಂಕ್ ಹತ್ತಿಸುವ ದ್ರಾವಣದ ತೊಟ್ಟಿಗೆ, ಕೊನೆಗೆ ಝಿಂಕ್ ಮೇಲೆ ತೆಳು ರಕ್ಷಣಾ ಪದರ ಕೊಡುವ ಪ್ಯಾಸಿವೇಶನ್‌ಗೆ ಹೋಗುತ್ತದೆ. ಪ್ರತಿ ಹಂತದ ಮಧ್ಯೆ ನೀರಿನಲ್ಲಿ ತೊಳೆಯಬೇಕು. ಸೈನೈಡ್ ಬಾತ್ ಬಿಟ್ಟು ಅನೇಕ ವರ್ಷಗಳಾಗಿದ್ದವು. ಈಗಿನದು ಕಾಸ್ಟಿಕ್ (ಪ್ರಬಲ ಕ್ಷಾರ) ಆಧಾರಿತ, ಸೈನೈಡ್ ಇಲ್ಲದ ಬಾತ್. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಯಾಸಿವೇಶನ್ ಎರಡು ಬಗೆಯದಿತ್ತು. ನೀಲಿ ಛಾಯೆಯದು ಟ್ರೈವಲೆಂಟ್ ಕ್ರೋಮಿಯಂನದು. ಹಳದಿ, ಕಾಮನಬಿಲ್ಲಿನಂತೆ ಹೊಳೆಯುವುದು ಹೆಕ್ಸಾವಲೆಂಟ್ ಕ್ರೋಮಿಯಂನದು. ತಕರಾರೆಲ್ಲ ಈ ಎರಡನೆಯದರದ್ದು. ಹೆಕ್ಸಾ ಕ್ರೋಮ್ ಕ್ಯಾನ್ಸರ್‌ಕಾರಕ; ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿನಲ್ಲಿ ನಿಲ್ಲದೆ ಬೋರ್‌ವೆಲ್ ನೀರಿಗೆ ಸೇರುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಅದು ಇದೆಯೆಂಬುದು ವರ್ಷಗಳಿಂದ ದಾಖಲಾಗಿರುವ ಸಂಗತಿ. ಹೊರಬಿಡುವ ನೀರಿನಲ್ಲಿ ಅದಕ್ಕಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಪ್ಲೇಟಿಂಗ್ ಉದ್ಯಮ ಕೆಂಪು ವರ್ಗದಲ್ಲಿ, ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವ ಉದ್ಯಮಗಳ ಪಟ್ಟಿಯಲ್ಲಿ, ಇರಲು ಇಂಥವೇ ಕಾರಣ.

ಘಟಕದಲ್ಲಿ ಇಟಿಪಿ, ಅಂದರೆ ಕೊಳೆನೀರು ಶುದ್ಧೀಕರಿಸುವ ವ್ಯವಸ್ಥೆ, ಇರಲಿಲ್ಲ ಅಂತಲ್ಲ. ಇತ್ತು. ಎಲ್ಲ ತೊಳೆದ ನೀರೂ ಒಂದೇ ಸಂಗ್ರಹ ತೊಟ್ಟಿಗೆ ಬೀಳುತ್ತಿತ್ತು. ಆಪರೇಟರ್ ಅದಕ್ಕೆ ಮೆಟಾಬೈಸಲ್ಫೈಟ್ ಪುಡಿ ಹಾಕಿ, ಆಮೇಲೆ ಕಾಸ್ಟಿಕ್ ಸುರಿದು, ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಿಡುತ್ತಿದ್ದರು. ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ. ಪ್ರಶ್ನೆ ಕೇಳಿದವರಿರಲಿಲ್ಲ.

ಲಕೋಟೆಯಲ್ಲಿದ್ದದ್ದು

2023ರ ನವೆಂಬರ್ 21ರಂದು ಮಂಡಳಿಯವರು ಬಂದು ನೋಡಿ, ಹೊರಹೋಗುವ ನೀರಿನ ಮಾದರಿ ತೆಗೆದುಕೊಂಡು ಹೋಗಿದ್ದರು. ಮಾಲೀಕರು ಆ ದಿನ ಊರಲ್ಲಿರಲಿಲ್ಲ. ಸೂಪರ್‌ವೈಸರ್ ಸಹಿ ಹಾಕಿದ್ದರು. ನೋಟಿಸ್ ಘಟಕಕ್ಕೆ ಮುಟ್ಟಿದ್ದು ಜನವರಿ 12, ಶುಕ್ರವಾರ. ಸೆಕ್ಯೂರಿಟಿಯವರು ಸಹಿ ಮಾಡಿ ತೆಗೆದುಕೊಂಡರು, ಲೆಕ್ಕಪತ್ರದವರು ಜಿಎಸ್‌ಟಿ ಕಾಗದಗಳ ಜೊತೆ ಇಟ್ಟರು, ನಡುವೆ ಸಂಕ್ರಾಂತಿ ಬಂತು. ಮಾಲೀಕರು ಒಡೆದು ಓದಿದ್ದು 18ಕ್ಕೆ.

ಓದಿದ್ದು ಅಂದೆ; ನಿಜವಾಗಿ ಅವರು ಓದಿದ್ದು 'ಮುಚ್ಚುವ' ಎಂಬ ಒಂದೇ ಪದ. ಮುಚ್ಚುವ ಆದೇಶವೇ ಬಂದಿದೆ ಎಂದುಕೊಂಡು ಪರಿಚಯದ ರಾಜಕಾರಣಿಗೆ ಫೋನ್ ಹಚ್ಚಿದ್ದರು. ನಾನು ಮೊದಲು ನೋಡಿದ್ದು ಮೇಲ್ಗಡೆ ಬರೆದಿದ್ದ ಕಲಮು. 1974ರ ಜಲ ಕಾಯ್ದೆಯ 33ಎ. ಅದು ಮಂಡಳಿಗೆ ಘಟಕ ಮುಚ್ಚಿಸುವ, ವಿದ್ಯುತ್ತು ನೀರು ನಿಲ್ಲಿಸುವ ನಿರ್ದೇಶನ ಕೊಡಲು ಅಧಿಕಾರ ಕೊಡುವ ಕಲಮು. ಆದರೆ ಈ ಕಾಗದ ನಿರ್ದೇಶನವಾಗಿರಲಿಲ್ಲ, ಪ್ರಸ್ತಾವಿತ ನಿರ್ದೇಶನವಾಗಿತ್ತು. ಪ್ರಸ್ತಾವಿತ ಹಂತದಲ್ಲಿ ಆಕ್ಷೇಪ ಸಲ್ಲಿಸಲು ಕನಿಷ್ಠ 15 ದಿನ ಕೊಡಬೇಕೆಂಬ ನಿಯಮವಿದೆ, ಕೊಟ್ಟಿದ್ದರು. ಕೊನೆಯ ಆದೇಶವಾದರೆ ದಾರಿ ಮೇಲ್ಮನವಿಯದು. ಇಲ್ಲಿ ಇನ್ನೂ ಉತ್ತರ ಕೊಡುವ ಜಾಗ ಖಾಲಿ ಇತ್ತು. ರಾಜಕಾರಣಿಗೆ ಫೋನ್ ಮಾಡುವವರಲ್ಲಿ ಬಹುಪಾಲು ಮಂದಿ ಈ ವ್ಯತ್ಯಾಸ ನೋಡಿರುವುದಿಲ್ಲ.

ಆದರೆ 15 ದಿನ ಎಣಿಕೆಯಾಗುವುದು ಕಾಗದ ಮುಟ್ಟಿದ ದಿನದಿಂದ. ಜನವರಿ 27ಕ್ಕೆ ಮುಗಿಯುತ್ತಿತ್ತು. ಅದು ನಾಲ್ಕನೇ ಶನಿವಾರ, ಕಚೇರಿ ಇಲ್ಲ. ಹಿಂದಿನ ದಿನ ಗಣರಾಜ್ಯೋತ್ಸವ. ಅಂದರೆ ಕೈಯಲ್ಲಿದ್ದದ್ದು 25ರ ಗುರುವಾರದವರೆಗೆ.

ನೋಟಿಸಿನಲ್ಲಿ ನಾಲ್ಕು ಆಕ್ಷೇಪಗಳಿದ್ದವು. ಹೊರನೀರಿನಲ್ಲಿ ಹೆಕ್ಸಾ ಕ್ರೋಮ್ 4.6, ಝಿಂಕ್ ಕೂಡ ಮಿತಿಯ 5ನ್ನು ದಾಟಿತ್ತು. ಘಟಕ ನಡೆಸಲು ಮಂಡಳಿ ಕೊಡುವ ಕಾರ್ಯಾಚರಣೆ ಸಮ್ಮತಿಯ ಅವಧಿ ಮುಗಿದಿತ್ತು, ನವೀಕರಣಕ್ಕೆ ಅರ್ಜಿ ಹಾಕಿರಲಿಲ್ಲ. ಇಟಿಪಿ ಕೆಸರನ್ನು ಗೋಣಿಚೀಲದಲ್ಲಿ ತುಂಬಿ ಶೆಡ್ಡಿನ ಹಿಂದೆ ಬಯಲಲ್ಲಿ ಇಟ್ಟಿದ್ದರು. ಜೂನ್ 30ರೊಳಗೆ ಸಲ್ಲಿಸಬೇಕಿದ್ದ ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ, ಅಂದರೆ ನಮೂನೆ 4, ಸಲ್ಲಿಸಿರಲಿಲ್ಲ. ನಾಲ್ಕರಲ್ಲಿ ಮೂರು ಕಾಗದ ಮತ್ತು ಅಚ್ಚುಕಟ್ಟಿನ ವಿಷಯ. ನಿಜವಾದ ತೊಂದರೆ ಒಂದೇ. ಆದರೆ ಮುಚ್ಚಿಸಲು ಆ ಒಂದೇ ಸಾಕಿತ್ತು.

ಯಾರು ಏನೆಂದರು

ಆ ವಾರ ಮಾಲೀಕರಿಗೆ ಸಲಹೆಗಳ ಕೊರತೆ ಇರಲಿಲ್ಲ. ಇಟಿಪಿ ಸರಬರಾಜು ಮಾಡುವವರೊಬ್ಬರು ಬಂದು ತೊಟ್ಟಿಗಳನ್ನು ಒಂದು ಸುತ್ತು ನೋಡಿ, ನೀರು ಶೋಧಿಸುವ ಆರ್‌ಓ ಮತ್ತು ಅದನ್ನು ಆವಿ ಮಾಡುವ ಇವ್ಯಾಪರೇಟರ್ ಸೇರಿದ, ಕೊಳೆನೀರನ್ನು ಹೊರಗೇ ಬಿಡದ ಝೀರೋ ಡಿಸ್ಚಾರ್ಜ್ ಘಟಕಕ್ಕೆ ಕೊಟೇಶನ್ ಕಳಿಸಿದರು. ಅದರ ಮೊತ್ತ ಘಟಕದ ಎರಡು ವರ್ಷದ ಲಾಭಕ್ಕಿಂತ ಹೆಚ್ಚಿತ್ತು. ನೀರಿನ ಪ್ರಮಾಣ ಎಷ್ಟು, ಯಾವ ತೊಟ್ಟಿಯಿಂದ ಎಷ್ಟು ಬರುತ್ತದೆ ಎಂದು ಅವರು ಕೇಳಿರಲೇ ಇಲ್ಲ. "ಆರ್ಡರ್ ಕಾಪಿ ತೋರಿಸಿದ್ರೆ ಮಂಡಳಿಯವರು ಟೈಮ್ ಕೊಡ್ತಾರೆ ಸಾರ್" ಅಂದಿದ್ದರು. ಅದು ಸುಳ್ಳೂ ಅಲ್ಲ. ಹಾಗೆ ಆರ್ಡರ್ ಹಾಕಿ ಟೈಮ್ ಪಡೆದು, ಆಮೇಲೆ ಕರೆಂಟ್ ಬಿಲ್ ತಾಳಲಾರದೆ ಇವ್ಯಾಪರೇಟರ್ ಆಫ್ ಮಾಡಿಟ್ಟ ಘಟಕಗಳನ್ನು ನಾನು ನೋಡಿದ್ದೇನೆ.

ವಕೀಲರೊಬ್ಬರು ಮಾದರಿ ತೆಗೆದ ಕ್ರಮದ ಮೇಲೆ ಹೋಗೋಣ ಎಂದರು. ಅದರಲ್ಲಿ ಹುರುಳಿತ್ತು. ಜಲ ಕಾಯ್ದೆಯ 21ನೇ ಕಲಮು ಮಾದರಿ ತೆಗೆಯುವ ವಿಧಾನವನ್ನು ಬಿಡಿಸಿ ಹೇಳುತ್ತದೆ: ವಿಶ್ಲೇಷಣೆ ಮಾಡಿಸುತ್ತೇವೆಂಬ ನೋಟಿಸನ್ನು ಅಲ್ಲೇ ಕೊಡಬೇಕು, ಅಧಿಭೋಗದಾರರ (ಘಟಕ ನಡೆಸುವವರ) ಎದುರಿನಲ್ಲೇ ಮಾದರಿಯನ್ನು ಎರಡು ಭಾಗ ಮಾಡಬೇಕು, ಸೀಲು ಹಾಕಿ ಎರಡೂ ಕಡೆಯವರು ಸಹಿ ಮಾಡಬೇಕು. ಇದು ತಪ್ಪಿದರೆ ಆ ವರದಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಇಲ್ಲಿ ಎರಡು ಭಾಗ ಮಾಡಿದ ದಾಖಲೆ ಇರಲಿಲ್ಲ.

ನಾವು ಆ ದಾರಿ ಹಿಡಿಯಲಿಲ್ಲ. ಅದೇ ವಾರ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯದಲ್ಲಿ ನಾವೇ ಮಾಡಿಸಿದ ಪರೀಕ್ಷೆಯಲ್ಲಿ ಹೆಕ್ಸಾ ಕ್ರೋಮ್ 3.8 ಬಂತು. ಮಂಡಳಿಯ ಮಾದರಿಯನ್ನು ಹೊಡೆದುಹಾಕಿದರೆ ಅವರು ಮತ್ತೆ ಬಂದು ಕ್ರಮಬದ್ಧವಾಗಿ ಇನ್ನೊಂದು ತೆಗೆಯುತ್ತಾರೆ, ಅಷ್ಟೇ. ನೀರು ಶುದ್ಧವಿದ್ದು ಕ್ರಮ ತಪ್ಪಿದ್ದರೆ ಆ ವಾದ ಹೂಡಬೇಕು. ನೀರೇ ಕೆಟ್ಟಿರುವಾಗ ಅದು ಬರೀ ತಿಂಗಳುಗಳನ್ನು ಕೊಳ್ಳುತ್ತದೆ. ಆ ತಿಂಗಳುಗಳಿಗೆ ದಿನದ ಲೆಕ್ಕದಲ್ಲಿ ಬೆಲೆ ಬೀಳುತ್ತದೆಂಬುದು ಮುಂದೆ ಬರುತ್ತದೆ.

ಉತ್ತರ

ಮಾಲೀಕರು ಬರೆದಿಟ್ಟಿದ್ದ ಕರಡು ಉತ್ತರದಲ್ಲಿ 'ನಮ್ಮ ಘಟಕ ಎಲ್ಲ ಷರತ್ತುಗಳನ್ನೂ ಪಾಲಿಸುತ್ತಿದೆ' ಎಂದಿತ್ತು. ಸಮ್ಮತಿಯೇ ಮುಗಿದಿರುವಾಗ ಯಾವ ಷರತ್ತು? ಅದನ್ನು ಹರಿದು ಹಾಕಿ, ನಾಲ್ಕು ಆಕ್ಷೇಪಗಳಿಗೆ ನಾಲ್ಕು ಸಾಲಿನ ಕೋಷ್ಟಕ ಮಾಡಿದೆವು. ಪ್ರತಿ ಸಾಲಿನಲ್ಲಿ ಇಂದಿನ ಸ್ಥಿತಿ, ಈಗಾಗಲೇ ಮಾಡಿದ್ದು, ಮುಂದೆ ಮಾಡುವುದು, ದಿನಾಂಕ, ಪುರಾವೆ. 'ಆದಷ್ಟು ಬೇಗ' ಎಂಬ ಮಾತು ಎಲ್ಲೂ ಬರಬಾರದು ಎಂದು ಹಟ ಹಿಡಿದೆ. ಕೆಸರಿನ ಚೀಲಗಳು ಎರಡು ದಿನದಲ್ಲಿ ಸಿಮೆಂಟು ನೆಲದ, ಮಾಡಿನ ಕೆಳಗಿನ ಕೋಣೆಗೆ ಹೋದವು, ಲೇಬಲ್ ಬಿತ್ತು, ನಮೂನೆ 3ರ ರಿಜಿಸ್ಟರ್ ಶುರುವಾಯಿತು, ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಸಾಗಿಸಲು ಪತ್ರ ಹೋಯಿತು. ಸಮ್ಮತಿ ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲಿಕೆಯಾಯಿತು. ಬಾಕಿ ಇದ್ದ ನಮೂನೆ 4ನ್ನು ತಡವಾಗಿದೆ ಎಂದು ಒಪ್ಪಿಕೊಂಡೇ ಕೊಟ್ಟೆವು.

ಕಷ್ಟವಾದದ್ದು ಮೊದಲನೇ ಸಾಲು. ನೀರು ಯಾವಾಗ ಸರಿಹೋಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ದಿನಾಂಕ ಹಾಕುವುದು ಹೇಗೆ? ಹಳದಿ ಪ್ಯಾಸಿವೇಶನ್ ನಿಲ್ಲಿಸಿ ಎಂದೆ. ಮಾಲೀಕರು ಮುಖ ಸಿಂಡರಿಸಿದರು. ಒಟ್ಟು ಕೆಲಸದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹಳದಿಯದು, ಮೂರು ಗಿರಾಕಿಗಳದ್ದು. "ಅವರು ಪಕ್ಕದ ರಸ್ತೆಗೆ ಹೋದ್ರೆ ವಾಪಸ್ ಬರಲ್ಲ ಸಾರ್." ಇಡೀ ಘಟಕಕ್ಕೆ ಬೀಗ ಬಿದ್ದರೆ ಉಳಿದ ಮುಕ್ಕಾಲು ಭಾಗವೂ ಅದೇ ರಸ್ತೆಗೆ ಹೋಗುತ್ತದೆ ಎಂದು ಅವರ ಶ್ರೀಮತಿ, ಲೆಕ್ಕಪತ್ರ ನೋಡಿಕೊಳ್ಳುವವರು, ಹೇಳಿದ ಮೇಲೆ ಮಾತು ನಿಂತಿತು. ಜನವರಿ 24ರಂದು ತೊಟ್ಟಿ ಬರಿದಾಯಿತು. ಪತ್ರದಲ್ಲಿ ಹೀಗೆ ಬರೆದೆವು: "ದಿನಾಂಕ 24-01-2024ರಿಂದ ಹೆಕ್ಸಾವಲೆಂಟ್ ಕ್ರೋಮಿಯಂ ಬಳಸುವ ಪ್ಯಾಸಿವೇಶನ್ ಪ್ರಕ್ರಿಯೆಯನ್ನು ನಾವಾಗಿಯೇ ನಿಲ್ಲಿಸಿದ್ದೇವೆ. ತೊಟ್ಟಿಯಲ್ಲಿದ್ದ ದ್ರಾವಣವನ್ನು ಮುಚ್ಚಳವಿರುವ ಡ್ರಮ್ಮುಗಳಿಗೆ ತುಂಬಿ ಸೀಲು ಮಾಡಿ ಇರಿಸಲಾಗಿದೆ. ದಯವಿಟ್ಟು ಸ್ಥಳ ಪರಿಶೀಲನೆ ನಡೆಸಬೇಕೆಂದು ಕೋರುತ್ತೇವೆ." ಫೋಟೋ ಲಗತ್ತಿಸಿ, 25ರಂದು ಪ್ರಾದೇಶಿಕ ಕಚೇರಿಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಆನ್‌ಲೈನ್‌ನಲ್ಲೂ ಹಾಕಿದ್ದೆವು, ಆದರೂ ಆ ಮುದ್ರೆಯ ಬೆಲೆ ಆಮೇಲೆ ತಿಳಿಯಿತು.

ಪಿಕ್ಲಿಂಗ್ ತೊಟ್ಟಿ ಖಾಲಿ ಮಾಡಿದ ದಿನ

ಇನ್ನು ನೀರು ಏಕೆ ಕೆಡುತ್ತದೆಂಬುದು. ಘಟಕದ ಹಳೆಯ ಪರೀಕ್ಷಾ ವರದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ವಿಚಿತ್ರವಾಗಿತ್ತು. ಒಂದು ತಿಂಗಳು ಹೆಕ್ಸಾ ಕ್ರೋಮ್ ಪತ್ತೆಯೇ ಇಲ್ಲ, ಮರು ತಿಂಗಳು 3, ಮತ್ತೆ ಇಲ್ಲ. ಪುಡಿ ಅದೇ, ಪ್ರಮಾಣ ಅದೇ, ಮಾಡುವವರೂ ಅವರೇ. ಸರಬರಾಜುದಾರರು ಇದನ್ನು 'ಹಳೇ ಇಟಿಪಿ' ಎಂದು ತಳ್ಳಿಹಾಕಿದ್ದರು.

ಇಟಿಪಿ ಆಪರೇಟರ್ ರಾಯಚೂರು ಕಡೆಯವರು. ಅವರ ಹತ್ತಿರ ಒಂದು ರೂಲ್ಡ್ ನೋಟ್‌ಬುಕ್ ಇತ್ತು. ಯಾವ ತೊಟ್ಟಿಯನ್ನು ಯಾವತ್ತು ಬರಿದು ಮಾಡಿದರು, ಯಾರು ಸಹಾಯಕ್ಕೆ ಬಂದರು ಎಂದು ಬರೆದಿಡುತ್ತಿದ್ದರು. ಸಹಾಯಕ್ಕೆ ಬಂದವನಿಗೆ ಓವರ್‌ಟೈಮ್ ಕೊಡಿಸಲು ಬೇಕಾಗುತ್ತಿತ್ತಂತೆ. ನೀರಿನ ಬಣ್ಣದ ಬಗ್ಗೆ ಕೇಳಿದಾಗ ಅವರು ಅಂದದ್ದು: "ಪಿಕ್ಲಿಂಗ್ ಟ್ಯಾಂಕ್ ಖಾಲಿ ಮಾಡಿದ ದಿನ ನೀರು ಹಸರಾಗ್ತದ್ರಿ ಸರ. ಉಳಿದ ದಿನ ಎಷ್ಟು ಪುಡಿ ಹಾಕಿದ್ರೂ ಹಳದೀನ ಇರ್ತದ." ನೋಟ್‌ಬುಕ್ಕಿನ ದಿನಾಂಕಗಳನ್ನು ವರದಿಗಳ ದಿನಾಂಕಗಳ ಪಕ್ಕದಲ್ಲಿ ಇಟ್ಟೆವು. ಒಳ್ಳೆಯ ವರದಿಗಳೆಲ್ಲ ಆಮ್ಲದ ತೊಟ್ಟಿ ಬರಿದು ಮಾಡಿದ ದಿನಗಳಿಗೆ ಅಥವಾ ಅದರ ಮರುದಿನಗಳಿಗೆ ಸೇರಿದ್ದವು.

ಆಮೇಲೆ ಎಲ್ಲ ಬಿಡಿಸಿಕೊಂಡಿತು. ಮೆಟಾಬೈಸಲ್ಫೈಟ್ ಹೆಕ್ಸಾ ಕ್ರೋಮನ್ನು ಕಡಿಮೆ ಅಪಾಯದ ಟ್ರೈವಲೆಂಟ್ ಮಾಡಬೇಕಾದರೆ ನೀರಿನ ಪಿಎಚ್ (7ಕ್ಕಿಂತ ಇಳಿದಷ್ಟೂ ಆಮ್ಲ, ಏರಿದಷ್ಟೂ ಕ್ಷಾರ) 2ರಿಂದ 2.5ರ ಹತ್ತಿರ ಇರಬೇಕು. ಹಾಗಿದ್ದರೆ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ, ಹಳದಿ ಹೋಗಿ ಹಸಿರು ಬರುತ್ತದೆ. ಪಿಎಚ್ ಏರಿದಂತೆ ಕ್ರಿಯೆ ನಿಧಾನವಾಗಿ ಕೊನೆಗೆ ನಿಂತಂತೆಯೇ ಆಗುತ್ತದೆ. ಇಲ್ಲಿ ಕಾಸ್ಟಿಕ್ ಬಾತ್‌ನ ನೀರು, ಎಣ್ಣೆ ತೆಗೆಯುವ ಕ್ಷಾರದ ನೀರು ಎಲ್ಲ ಒಂದೇ ತೊಟ್ಟಿಗೆ ಬಿದ್ದು ಪಿಎಚ್ ಸಾಮಾನ್ಯವಾಗಿ 9ರ ಮೇಲಿತ್ತು. ಪುಡಿ ಚರಂಡಿಗೆ ಹೋಗುತ್ತಿತ್ತು, ಕ್ರೋಮ್ ಹಾಗೇ ಉಳಿಯುತ್ತಿತ್ತು. ಆಮ್ಲದ ತೊಟ್ಟಿ ಬರಿದು ಮಾಡಿದ ದಿನ ಪಿಎಚ್ ಕುಸಿಯುತ್ತಿತ್ತು; ಮೇಲಾಗಿ ಉಕ್ಕನ್ನು ತಿಂದ ಹಳೇ ಆಮ್ಲದಲ್ಲಿ ಕರಗಿದ ಫೆರಸ್ ಕಬ್ಬಿಣ ತಾನೇ ಹೆಕ್ಸಾ ಕ್ರೋಮನ್ನು ಟ್ರೈವಲೆಂಟ್‌ಗೆ ಇಳಿಸುತ್ತಿತ್ತು. ಒಳ್ಳೆಯ ದಿನ ಒಳ್ಳೆಯದಾಗಿದ್ದು ಆಕಸ್ಮಿಕವಾಗಿ.

ಝಿಂಕ್‌ನ ಕಥೆ ಇನ್ನೊಂದು. ಕೆಸರು ಚೆನ್ನಾಗಿ ಕೂರಲಿ ಎಂದು ಕಾಸ್ಟಿಕ್ ಧಾರಾಳವಾಗಿ ಸುರಿಯುತ್ತಿದ್ದರು. ಪಿಎಚ್ ಪೇಪರ್ ಗಾಢ ನೀಲಿಯಾಗುವವರೆಗೆ. 8.5ರಿಂದ 9ರ ಹತ್ತಿರ ಝಿಂಕ್ ಮತ್ತು ಕ್ರೋಮ್ ಎರಡೂ ಕೆಳಗೆ ಕೂರುತ್ತವೆ. 11 ದಾಟಿದರೆ ಕೂತ ಝಿಂಕ್ ಮತ್ತೆ ಕರಗಿ ಮೇಲೆ ಬರುತ್ತದೆ. ಹೆಚ್ಚು ರಾಸಾಯನಿಕ ಸುರಿದಷ್ಟೂ ಹೆಚ್ಚು ಶುದ್ಧಿ ಎಂಬ ನಂಬಿಕೆ ಈ ಉದ್ಯಮದಲ್ಲಿ ಬಹಳ ಆಳವಾಗಿದೆ. ಮಿತಿ ಮೀರಿದ ಝಿಂಕ್ ಆ ನಂಬಿಕೆಯ ಫಲ.

ಪರಿಹಾರಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ, ಬೇರೆ ಪೈಪು. ಹಳದಿ ಪ್ಯಾಸಿವೇಶನ್ ತೊಳೆದ ನೀರಿಗೆ ಪ್ರತ್ಯೇಕ ಲೈನ್, ಅದಕ್ಕೆ 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಕಲಕುವ ಮೋಟಾರು, ಪಿಎಚ್ ಮೀಟರು. ಟ್ಯಾಂಕಿಗೆ ಮುಚ್ಚಳ, ಎಕ್ಸಾಸ್ಟ್ ಇರಲೇಬೇಕು. ಆಮ್ಲದಲ್ಲಿ ಮೆಟಾಬೈಸಲ್ಫೈಟ್ ಹಾಕಿದಾಗ ಗಂಧಕದ ಡೈಆಕ್ಸೈಡ್ ಹೊಗೆ ಏಳುತ್ತದೆ. ಅಲ್ಲಿ ಹಸಿರಾದ ಮೇಲೆಯೇ ನೀರು ದೊಡ್ಡ ತೊಟ್ಟಿಗೆ. ಹಸಿರನ್ನು ಕಣ್ಣಂದಾಜಿಗೆ ಬಿಡದೆ ಡೈಫಿನೈಲ್ ಕಾರ್ಬಜೈಡ್ ಹನಿ ಹಾಕಿ ನೋಡುವುದನ್ನು ಆಪರೇಟರ್ ಒಂದೇ ದಿನದಲ್ಲಿ ಕಲಿತರು. ಹೆಕ್ಸಾ ಕ್ರೋಮ್ ಉಳಿದಿದ್ದರೆ ಹನಿ ಕೆನ್ನೇರಳೆಗೆ ತಿರುಗುತ್ತದೆ. ಹಳೇ ಪಿಕ್ಲಿಂಗ್ ಆಮ್ಲವನ್ನೇ ಪುಡಿಯ ಬದಲು ಬಳಸಬಹುದಲ್ಲ ಎಂದು ಮಾಲೀಕರು ಕೇಳಿದ್ದು ಜಾಣ ಪ್ರಶ್ನೆ. ಬಳಸಬಹುದು, ಆದರೆ ಕಬ್ಬಿಣವೆಲ್ಲ ಕೆಸರಾಗಿ ಕೂರುತ್ತದೆ, ಕೆಸರಿನ ವಿಲೇವಾರಿಗೆ ಕೊಡುವುದು ತೂಕದ ಲೆಕ್ಕ. ಪುಡಿಯೇ ಅಗ್ಗವಾಯಿತು.

ಎರಡನೇ ಬದಲಾವಣೆ ತೊಳೆಯುವ ಕ್ರಮದ್ದು. ಮಾಲು ತುಂಬಿದ ಬ್ಯಾರೆಲ್ಲನ್ನು ಬಾತ್‌ನಿಂದ ಎತ್ತಿದ ಮೇಲೆ ಇಪ್ಪತ್ತು ಸೆಕೆಂಡು ಸೋರಲು ಬಿಡಬೇಕೆಂದು ನಿಯಮ ಮಾಡಿದೆವು. ಒಂದೇ ತೊಟ್ಟಿಯಲ್ಲಿ ಹರಿಯುವ ನೀರಿಗೆ ಬದಲಾಗಿ ಎರಡು ತೊಟ್ಟಿ ಇಟ್ಟು, ನೀರು ಮಾಲಿನ ವಿರುದ್ಧ ದಿಕ್ಕಿನಲ್ಲಿ ಹರಿಯುವಂತೆ ಮಾಡಿದೆವು. ಇದರ ಲೆಕ್ಕ ಬೆರಗು ಹುಟ್ಟಿಸುವಂಥದು. ಮಾಲಿಗೆ ಅಂಟಿದ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂದು ತೊಟ್ಟಿಯಾದರೆ ಲೀಟರಿಗೆ ಸುಮಾರು 1,000 ಲೀಟರ್ ನೀರು ಬೇಕು. ಎರಡು ತೊಟ್ಟಿಯಾದರೆ ಸಿದ್ಧಾಂತದ ಪ್ರಕಾರ ಸುಮಾರು 32 ಲೀಟರ್ ಸಾಕು. ಶೆಡ್ಡಿನಲ್ಲಿ ಅಷ್ಟು ಸಿಗುವುದಿಲ್ಲ, ಆದರೂ ಟ್ಯಾಂಕರ್ ನೀರಿನ ಬಿಲ್ಲು ಆ ತಿಂಗಳೇ ಇಳಿಯಿತು. ಮಾಲೀಕರು ಮೊದಲ ಸಲ ನಕ್ಕದ್ದು ಆ ಬಿಲ್ಲು ನೋಡಿ.

ದುಡ್ಡು ಬಂದ ದಾರಿ

ಎಲ್ಲ ಸೇರಿ ಖರ್ಚು 3.4 ಲಕ್ಷ. ದೊಡ್ಡದಲ್ಲ, ಆದರೆ ಕೈಯಲ್ಲಿ ಇರಲಿಲ್ಲ. ಸರ್ಕಾರದ ನೆರವಿಗೆ ಓಡಾಡಿದ್ದು ಈ ಹಂತದಲ್ಲಿ.

ನೆರವು ಇಲ್ಲವೆಂದಲ್ಲ. ರಾಜ್ಯದ ಕೈಗಾರಿಕಾ ನೀತಿಯಲ್ಲಿ ಇಟಿಪಿಗೆ ಬಂಡವಾಳ ಸಹಾಯಧನ ಇದೆ, ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ. ಗುಣಮಟ್ಟ ಮತ್ತು ಪರಿಸರ ಪಾಲನೆಗೆ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ ಝಡ್‌ಇಡಿ ಯೋಜನೆಯಲ್ಲಿ ಆಗ ಪ್ರಮಾಣಪತ್ರದ ಶುಲ್ಕಕ್ಕೆ ಅತಿಸಣ್ಣ ಘಟಕಕ್ಕೆ ಶೇ. 80, ಸಣ್ಣದಕ್ಕೆ ಶೇ. 60, ಮಧ್ಯಮಕ್ಕೆ ಶೇ. 50 ರಿಯಾಯಿತಿ ಇತ್ತು. ಹಸಿರು ತಂತ್ರಜ್ಞಾನದ ಸಾಲಕ್ಕೆ ಬಡ್ಡಿಯಲ್ಲಿ ಶೇ. 2 ಸಹಾಯ ಕೊಡುವ ಯೋಜನೆಯೂ ಅಷ್ಟರಲ್ಲಿ ಘೋಷಣೆಯಾಗಿತ್ತು. ಆದರೆ ಸಹಾಯಧನ ಬರುವುದು ಖರ್ಚು ಮಾಡಿ, ಬಿಲ್ಲು ತೋರಿಸಿ, ಪರಿಶೀಲನೆ ಆದ ಮೇಲೆ. ಬ್ಯಾಂಕಿನವರು, ಜಿಲ್ಲಾ ಕೇಂದ್ರದವರು ಮೊದಲು ಕೇಳಿದ ಕಾಗದ ಚಾಲ್ತಿಯಲ್ಲಿರುವ ಕಾರ್ಯಾಚರಣೆ ಸಮ್ಮತಿ. ಅದು ಇದ್ದಿದ್ದರೆ ಅವರ ಬಾಗಿಲಿಗೆ ಹೋಗುವ ಪ್ರಸಂಗವೇ ಅಷ್ಟು ತುರ್ತಾಗಿರುತ್ತಿರಲಿಲ್ಲ. ಯಾರ ತಪ್ಪೂ ಅಲ್ಲ. ನೋಟಿಸ್ ಓಡುವುದು ದಿನಗಳಲ್ಲಿ, ನೆರವು ನಡೆಯುವುದು ತಿಂಗಳುಗಳಲ್ಲಿ. ಹಾಗಾಗಿ ಕೆಲಸವನ್ನೇ ಎರಡಾಗಿ ಒಡೆದೆವು. ಪೈಪು, ಟ್ಯಾಂಕು, ತೊಳೆಯುವ ಕ್ರಮ ಈಗಲೇ, ಸ್ವಂತ ಹಣದಲ್ಲಿ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್ ಸಮ್ಮತಿ ಬಂದ ಮೇಲೆ, ಸಾಲ ಮತ್ತು ಸಹಾಯಧನದಲ್ಲಿ. ಮಂಡಳಿಗೆ ಕೊಟ್ಟ ವೇಳಾಪಟ್ಟಿಯಲ್ಲೂ ಎರಡನ್ನೂ ಬೇರೆ ಬೇರೆ ದಿನಾಂಕದಲ್ಲಿ ತೋರಿಸಿದೆವು.

ಸ್ವಂತ ಹಣ ಎಲ್ಲಿಂದ? ಲೆಕ್ಕಪತ್ರ ತೆಗೆದಾಗ ಗಿರಾಕಿಗಳಿಂದ ಬರಬೇಕಾದ ಬಾಕಿ 11 ಲಕ್ಷ ಇತ್ತು, ಕೆಲವು 120 ದಿನ ಹಳೆಯವು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಘಟಕಕ್ಕೆ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಆ ಕಾಯ್ದೆ ತೋರಿಸಿ ಗಿರಾಕಿಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಜಾಬ್ ವರ್ಕ್‌ನವರಿಗೆ ಇರುವುದಿಲ್ಲ. ಆದರೆ ಆ ವರ್ಷ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಮೊದಲ ಬಾರಿಗೆ ಜಾರಿಗೆ ಬಂದಿತ್ತು: ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಕೊಳ್ಳುವವರು ನಿಜವಾಗಿ ಹಣ ಕೊಟ್ಟ ವರ್ಷದ ಲೆಕ್ಕದಲ್ಲಷ್ಟೇ ಕಳೆಯಬಹುದು. ಮಾಲೀಕರ ಶ್ರೀಮತಿ ಯಾರಿಗೂ ಕೇಸಿನ ಮಾತೆತ್ತದೆ, ಸಣ್ಣ ಘಟಕವೆಂದು ತೋರಿಸುವ ಉದ್ಯಮ್ ನೋಂದಣಿಯ ಪ್ರತಿ ಲಗತ್ತಿಸಿ, ನಿಮ್ಮ ಆಡಿಟರ್ ಕೇಳಬಹುದು ಎಂದಷ್ಟೇ ಪತ್ರ ಬರೆದರು. ಮಾರ್ಚ್ 31ರೊಳಗೆ 7 ಲಕ್ಷ ಬಂತು. ಪರಿಸರದ ಹೆಸರಿನ ಯಾವ ಯೋಜನೆಯೂ ಅಲ್ಲದ, ತೆರಿಗೆಯ ಒಂದು ಉಪಕಲಮು ಈ ಇಟಿಪಿಯನ್ನು ಕಟ್ಟಿಸಿತು.

ವಿಚಾರಣೆ, ಪರಿಹಾರದ ಲೆಕ್ಕ

ಫೆಬ್ರುವರಿಯಲ್ಲಿ ವೈಯಕ್ತಿಕ ವಿಚಾರಣೆಗೆ ಕರೆ ಬಂತು. ಅಲ್ಲಿ ಬಹಳ ಹೊತ್ತು ನಡೆದದ್ದು ಯಂತ್ರದ ಮಾತಲ್ಲ. ಅಧಿಕಾರಿಗಳು ಕೇಳಿದ ಮೊದಲ ಪ್ರಶ್ನೆ, ಈಗ ಏನು ನಿಲ್ಲಿಸಿದ್ದೀರಿ ಎಂಬುದು. ಬರಿದಾದ ತೊಟ್ಟಿಯನ್ನು ಸ್ಥಳ ಪರಿಶೀಲನೆಯವರು ಅಷ್ಟರಲ್ಲಿ ನೋಡಿ ವರದಿ ಕೊಟ್ಟಿದ್ದರು. ಮುಚ್ಚುವ ನಿರ್ದೇಶನ ಹೊರಡಲಿಲ್ಲ. ಮೂರು ತಿಂಗಳ ಕಾಲಾವಕಾಶ, ನೀರಿನ ವರದಿ ಸರಿಬರುವವರೆಗೆ ಹಳದಿ ಲೈನ್ ಶುರು ಮಾಡಬಾರದೆಂಬ ಷರತ್ತು, ಜೊತೆಗೆ ಉಲ್ಲಂಘನೆಗಾಗಿ ಕಟ್ಟಬೇಕಾದ ಪರಿಸರ ಪರಿಹಾರದ ಹಣ.

ಈ ಪರಿಹಾರವನ್ನು ಹೆಚ್ಚಿನ ಮಾಲೀಕರು ದಂಡ ಎಂದು ತಿಳಿದು, ಅಧಿಕಾರಿಗೆ ತೋಚಿದಷ್ಟು ಹಾಕುತ್ತಾರೆ ಎಂದುಕೊಂಡಿರುತ್ತಾರೆ. ಅದಕ್ಕೆ ಕೇಂದ್ರ ಮಂಡಳಿಯ ಸೂತ್ರವಿದೆ. ಕೆಂಪು ವರ್ಗಕ್ಕೆ 80 ಅಂಕ, ರೂಪಾಯಿಯ ಅಂಶ ಸಾಮಾನ್ಯವಾಗಿ 250, ಅತಿಸಣ್ಣ ಅಥವಾ ಸಣ್ಣ ಘಟಕಕ್ಕೆ 0.5, ಬೆಂಗಳೂರಿನಷ್ಟು ಜನಸಂಖ್ಯೆಯ ನಗರಕ್ಕೆ 1.5. ಗುಣಿಸಿದರೆ ದಿನಕ್ಕೆ 15,000 ರೂಪಾಯಿ. ಇದನ್ನು ದಿನಗಳಿಂದ ಗುಣಿಸಬೇಕು. ದಿನ ಎಣಿಸುವುದು ಉಲ್ಲಂಘನೆ ಕಂಡ ದಿನದಿಂದ ಪಾಲನೆ ಖಚಿತವಾದ ದಿನದವರೆಗೆ. ಹೊಸ ಟ್ಯಾಂಕು ಕೂತು ವರದಿ ಸರಿಬಂದ ಏಪ್ರಿಲ್‌ವರೆಗೆ ಎಣಿಸಿದ್ದರೆ ಮೊತ್ತ 20 ಲಕ್ಷ ದಾಟುತ್ತಿತ್ತು. ನವೆಂಬರ್ 21ರಿಂದ, ಮುದ್ರೆ ಬಿದ್ದ ಪತ್ರದಲ್ಲಿ ಹೇಳಿದ್ದ ಜನವರಿ 24ರವರೆಗೆ ಎಂದು ಕೊನೆಗೆ ಒಪ್ಪಿದರು. 64 ದಿನ, 9.6 ಲಕ್ಷ. ನೀರು ಸರಿಪಡಿಸಲು ಆದ ಖರ್ಚಿನ ಸುಮಾರು ಮೂರು ಪಟ್ಟು. ಲಕೋಟೆ ಸುಮ್ಮನೆ ಬಿದ್ದಿದ್ದ ಆರು ದಿನದ್ದೇ 90,000.

ಮಂಡಳಿಗೆ ಇಂಥ ಪರಿಹಾರ ಹಾಕುವ ಅಧಿಕಾರವೇ ಇಲ್ಲ, ಪ್ರಶ್ನಿಸೋಣ ಎಂದು ವಕೀಲರು ಮತ್ತೊಮ್ಮೆ ಹೇಳಿದ್ದರು. ಮಾಲೀಕರು ಸಮ್ಮತಿ ಬೇಗ ಬೇಕೆಂದು ಕಟ್ಟಿಬಿಟ್ಟರು. ಆ ಪ್ರಶ್ನೆ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಮಂಡಳಿಗಳಿಗೆ ಅಧಿಕಾರ ಉಂಟು, ಆದರೆ ಅದಕ್ಕೆ ನಿಯಮಗಳ ಚೌಕಟ್ಟು ಬೇಕು ಎಂದು ತೀರ್ಪಾಯಿತು. ಈಗ ನೋಟಿಸ್ ಬಂದವರು ಆ ತೀರ್ಪನ್ನು ವಕೀಲರ ಜೊತೆ ಕೂತು ಓದಬೇಕು.

ಸಮ್ಮತಿ ನವೀಕರಣವಾಯಿತು, ಪೂರ್ಣ ಅವಧಿಗಲ್ಲ. ಫಿಲ್ಟರ್ ಪ್ರೆಸ್‌ಗೆ ಸಾಲ ಆಯಿತು. ಸಹಾಯಧನದ ಅರ್ಜಿ ಸಲ್ಲಿಕೆಯಾಗಿದೆ.

ಯಾರೂ ಎಣಿಸಿರದಿದ್ದದ್ದು ಹಳದಿ ಗಿರಾಕಿಗಳ ವರ್ತನೆ. ಲೈನ್ ನಿಂತಿದ್ದ ತಿಂಗಳುಗಳಲ್ಲಿ ಮಾಲೀಕರು ಅವರ ಬಳಿ ಹೋಗಿ, ಹಳದಿಯೇ ಏಕೆ ಬೇಕು ಎಂದು ಕೇಳಿದರು. ಡ್ರಾಯಿಂಗ್‌ನಲ್ಲಿ ಹಾಗೆ ಬರೆದಿದೆ ಎಂಬುದು ಬಿಟ್ಟು ಒಬ್ಬರಲ್ಲೂ ಬೇರೆ ಉತ್ತರವಿರಲಿಲ್ಲ. ಯುರೋಪಿನಲ್ಲಿ ಹೊಸ ವಾಹನಗಳ ತುಕ್ಕು ನಿರೋಧಕ ಲೇಪನದಲ್ಲಿ ಹೆಕ್ಸಾ ಕ್ರೋಮ್‌ಗೆ 2007ರಿಂದಲೇ ನಿಷೇಧವಿದೆ. ಇಲ್ಲಿನ ಪಂಪ್‌ಸೆಟ್ಟಿನ ಡ್ರಾಯಿಂಗನ್ನು ಯಾರೂ ತಿದ್ದಿರಲಿಲ್ಲ. ಉಪ್ಪುನೀರಿನ ಮಂಜಿನಲ್ಲಿ 72 ಗಂಟೆ ತಾಳಿದರೆ ಸಾಕೆಂದು ಇಬ್ಬರು ಟ್ರೈವಲೆಂಟ್‌ಗೆ ಒಪ್ಪಿದರು. ಮೂರನೆಯವರಿಗೆ ಬಣ್ಣ ಬೇಕೇ ಬೇಕು; ಅವರ ಮಾಲಿಗಾಗಿ ಆ 500 ಲೀಟರಿನ ಟ್ಯಾಂಕು ವಾರಕ್ಕೆ ಎರಡು ದಿನ ಓಡುತ್ತದೆ.

ಇದನ್ನು ನಕಲು ಮಾಡುವವರಿಗೆ

ಈ ಘಟಕದ ಪೈಪಿನ ನಕ್ಷೆ ಕೇಳಿಕೊಂಡು ಅಕ್ಕಪಕ್ಕದ ಕೆಲವರು ಬಂದಿದ್ದಾರೆ. ಕೊಡುವ ಮುಂಚೆ ನಾನು ಕೇಳುವುದು ಒಂದೇ: ನಿಮ್ಮಲ್ಲಿ ಸೈನೈಡ್ ಬಾತ್ ಇದೆಯೇ? ಇದ್ದರೆ ಈ ನಕ್ಷೆ ಮುಟ್ಟಬೇಡಿ. ಇಲ್ಲಿ ಕ್ರೋಮ್ ನೀರಿಗೆ ಆಮ್ಲ ಹಾಕಿ ಪಿಎಚ್ 2ಕ್ಕೆ ಇಳಿಸುತ್ತೇವೆ. ಆ ಟ್ಯಾಂಕಿಗೆ ಸೈನೈಡ್ ಇರುವ ನೀರು ತಪ್ಪಿ ಬಂದರೂ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಪಕ್ಕದಲ್ಲಿ ನಿಂತವರು ಬದುಕುವುದಿಲ್ಲ. ಸೈನೈಡ್ ನೀರಿಗೆ ಬೇರೆಯೇ ಲೈನ್, ಬೇರೆಯೇ ಟ್ಯಾಂಕು. ಪಿಎಚ್ 10ರ ಮೇಲಿಟ್ಟುಕೊಂಡು ಹೈಪೋಕ್ಲೋರೈಟ್ ಹಾಕಿ ಅದನ್ನು ಮೊದಲು ಒಡೆಯಬೇಕು. ಸೈನೈಡ್ ಇನ್ನೂ ಬಳಸುವ ಸಣ್ಣ ಶೆಡ್ಡುಗಳಿವೆ, ಅವುಗಳಲ್ಲಿ ಅನೇಕ ಕಡೆ ಇವತ್ತಿಗೂ ಎಲ್ಲ ನೀರೂ ಒಂದೇ ತೊಟ್ಟಿಗೆ ಬೀಳುತ್ತಿದೆ. ಅಂಥವರು ನೋಟಿಸಿಗೆ ಕಾಯದೆ, ಮೊದಲು ಯಾವ ಪೈಪು ಎಲ್ಲಿಗೆ ಹೋಗುತ್ತದೆಂದು ಒಂದು ಹಾಳೆಯ ಮೇಲೆ ಬರೆದು ಆ ತೊಟ್ಟಿಯ ಹತ್ತಿರವೇ ಅಂಟಿಸಲಿ.